ಕಾಲಿಗೆ ಗುಂಡು ಅಂತ ಸುದ್ದಿ ಬರ್ತದೆ, ಕೈ ಎಷ್ಟು ಪಳಗಿದೆ ಅನ್ನೋದು ಬರೋದಿಲ್ಲ

ಆರೋಪಿಯನ್ನ ಸ್ಥಳ ಮಹಜರಿಗೆ ಕರ್ಕೊಂಡು ಹೋದಾಗ ಪೊಲೀಸ್ರ ಮೇಲೆ ಹಲ್ಲೆ ಮಾಡಿ ಓಡೋಕೆ ನೋಡಿದ, ಪಿಎಸ್‌ಐ ಗಾಳಿಲಿ ಒಂದು ಗುಂಡು ಹಾರಿಸಿ ಎಚ್ಚರಿಕೆ ಕೊಟ್ರು, ಕೇಳ್ಲಿಲ್ಲ, ಕಾಲಿಗೆ ಹೊಡೆದ್ರು. ಈ ಸುದ್ದಿ ಈಗ ಕಾರವಾರದಿಂದ ಶಿರಸಿವರೆಗೆ ಪೇಪರ್ ಓದೋ ಎಲ್ರಿಗೂ ಬಾಯಿಪಾಠ ಆಗಿದೆ, ಊರು ಮತ್ತು ಆರೋಪಿ ಹೆಸರು ಮಾತ್ರ ಬೇರೆ ಬೇರೆ. ಸುದ್ದಿ ಬಂದ ಅರ್ಧ ತಾಸಲ್ಲಿ ವಾಟ್ಸಾಪ್ ಗ್ರೂಪಲ್ಲಿ ಒಬ್ರು ಸೆಲ್ಯೂಟ್ ಹಾಕ್ತಾರೆ, ಇನ್ನೊಬ್ರು ಓಡೋನ ಕಾಲಿಗೇ ಸರಿಯಾಗಿ ಹೇಗೆ ಬಿತ್ತು ಅಂತ ಕೇಳ್ತಾರೆ, ಮತ್ತೊಬ್ರು ಎದೆಗೇ ಯಾಕೆ ಹೊಡೀಲಿಲ್ಲ ಅಂತಾರೆ. ಅದೇ ಪೇಪರಿನ ಮತ್ತೊಂದು ಮೂಲೆಲಿ ಇನ್ನೊಂದು ಥರದ ಸುದ್ದಿನೂ ಆಗಾಗ ಬರ್ತದೆ, ಬಂದೂಕು ಕ್ಲೀನ್ ಮಾಡುವಾಗ ಗುಂಡು ಸಿಡಿದು ಕಾನ್‌ಸ್ಟೇಬಲ್‌ಗೆ ಗಾಯ ಅಂತ.

ಒಂದು ಸುದ್ದಿ ನೋಡಿದ್ರೆ ನಮ್ಮ ಪೊಲೀಸ್ರು ಓಡೋನ ಮೊಣಕಾಲಿಗೆ ಗುರಿ ಇಡುವಷ್ಟು ಪಳಗಿದವರು, ಇನ್ನೊಂದು ನೋಡಿದ್ರೆ ಬಂದೂಕು ಖಾಲಿ ಮಾಡೋದ್ರಲ್ಲೇ ಎಡವ್ತಾರೆ. ಇವೆರಡ್ರಲ್ಲಿ ಯಾವ್ದು ನಿಜ ಅಂತ ಗೊಂದಲ ಆಗೋದು ಸಹಜ. ಎರಡೂ ಒಂದೇ ಬೇರಿಂದ ಬಂದದ್ದು, ಆ ಬೇರು ತರಬೇತಿ, ಅದ್ರ ಬಗ್ಗೆ ಮಾತ್ರ ಸುದ್ದಿ ಆಗೋದಿಲ್ಲ.

ಯಾರ ಕೈಲಿ ಯಾವ ಗನ್ನು

ಪೊಲೀಸ್ ಅಂದ್ರೆ ಎಲ್ರ ಕೈಲೂ ಗನ್ನಿರ್ತದೆ ಅಂತ ಅಂದ್ಕೊಳ್ತೇವೆ, ಹಾಗಿಲ್ಲ. ಸ್ಟೇಷನ್‌ಲಿ ನಮಗೆ ಸಿಗೋ ಸಿವಿಲ್ ಪೊಲೀಸ್ರಲ್ಲಿ ಕಾನ್‌ಸ್ಟೇಬಲ್, ಹೆಡ್ ಕಾನ್‌ಸ್ಟೇಬಲ್ ಕೈಲಿ ಸಾಮಾನ್ಯವಾಗಿ ಇರೋದು ಲಾಠಿ. ಸೊಂಟದಲ್ಲಿ ಪಿಸ್ತೂಲು ಅಥವಾ ರಿವಾಲ್ವರ್ ಇರೋದು ಹೆಚ್ಚಾಗಿ ಪಿಎಸ್‌ಐ ಮತ್ತೆ ಅದಕ್ಕಿಂತ ಮೇಲಿನವ್ರಿಗೆ. ರೈಫಲ್ ಹಿಡಿದು ಖಜಾನೆ ಕಾಯೋರು, ಕೈದಿಗಳನ್ನ ಕೋರ್ಟಿಗೆ ಕರ್ಕೊಂಡು ಹೋಗೋರು ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಅಂದ್ರೆ ಡಿಎಆರ್‌ನವ್ರು. ದೊಡ್ಡ ಗಲಾಟೆ ಆದ್ರೆ ಕೆಎಸ್‌ಆರ್‌ಪಿ, ಅಂದ್ರೆ ರಾಜ್ಯ ಮೀಸಲು ಪೊಲೀಸ್ ತುಕಡಿ ಬರ್ತದೆ. ಕಡಲಲ್ಲಿ ಬೋಟಲ್ಲಿ ಗಸ್ತು ತಿರುಗೋರು ಮಲ್ಪೆಲಿ ಕೇಂದ್ರ ಕಚೇರಿ ಇರೋ ಕರಾವಳಿ ಕಾವಲು ಪೊಲೀಸ್ರು. ನೌಕಾನೆಲೆ, ಕೈಗಾ ಸ್ಥಾವರದ ಕಾವಲು ಬೇರೆನೇ, ಅವ್ರದ್ದು ಕೇಂದ್ರದ ಪಡೆ, ಅವ್ರ ತರಬೇತಿನೂ ಬೇರೆ.

ಆಯುಧದಲ್ಲೂ ಮೂರು ತಲೆಮಾರು ಒಟ್ಟಿಗೇ ಇದೆ. ಎಲ್ಲರಿಗೂ ಗೊತ್ತಿರೋ ತ್ರೀ ನಾಟ್ ತ್ರೀ, ಅಂದ್ರೆ ಲೀ-ಎನ್‌ಫೀಲ್ಡ್, ಬ್ರಿಟಿಷ್ ಸೇನೆಗೆ ಬಂದದ್ದು 1895ರಲ್ಲಿ, ಪ್ರತಿ ಗುಂಡಿಗೂ ಬೋಲ್ಟ್ ಎಳೀಬೇಕು, ಉತ್ತರ ಪ್ರದೇಶದ ಪೊಲೀಸ್ರು ಅದಕ್ಕೆ ವಿದಾಯ ಹೇಳಿದ್ದೇ 2020ರ ಗಣರಾಜ್ಯೋತ್ಸವದಲ್ಲಿ. ಅದ್ರ ನಂತ್ರದ್ದು ಮುಂದಿನ ಗುಂಡು ತಾನಾಗೇ ಲೋಡ್ ಆಗೋ ಎಸ್‌ಎಲ್‌ಆರ್ ರೈಫಲ್, ಅದ್ರ ನಂತ್ರ ಇನ್ಸಾಸ್, ಎಕೆ-47 ರೈಫಲ್. ಪಿಸ್ತೂಲಲ್ಲೂ ಹಾಗೇ, ಆರು ಗುಂಡಿನ ಹಳೇ ರಿವಾಲ್ವರಿಂದ ಹದಿಮೂರು ಗುಂಡಿನ 9 ಎಂಎಂವರೆಗೆ. ಪ್ರತಿಯೊಂದ್ರಲ್ಲೂ ಗುಂಡು ತಪ್ಪಿ ಹಾರದ ಹಾಗೆ ತಡೆಯೋ ವ್ಯವಸ್ಥೆ ಬೇರೆ, ಟ್ರಿಗರ್ ಎಳೆತ ಬೇರೆ, ಖಾಲಿ ಮಾಡೋ ರೀತಿ ಬೇರೆ. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲೂ ಪಳಗಿರ್ತದೆ ಅಂತ ಹೇಳೋಕಾಗೋದಿಲ್ಲ.

ಇದು ಬರೀ ಸಾಮಾನಿನ ಪ್ರಶ್ನೆ ಅಂತ ತುಂಬ ವರ್ಷ ಅಂದ್ಕೊಂಡಿದ್ವಿ. 2008ರ ನವೆಂಬರ್ 26ರಂದು ಕಡಲಿಂದ ಬಂದ ಹತ್ತು ಜನ ಮುಂಬೈಲಿ 166 ಜನ್ರನ್ನ ಕೊಂದಾಗ ಪೊಲೀಸ್ರ ಕೈಲಿದ್ದ ಹಳೇ ರೈಫಲ್ ಬಗ್ಗೆ ದೇಶ ಪೂರ್ತಿ ಮಾತಾಯ್ತು, ನಮ್ಮ ಕರಾವಳಿಗೂ ಬೋಟು ಬಂತು, ಹೊಸ ಠಾಣೆ ಬಂತು, ಆಯುಧ ಬಂತು. ಆದ್ರೆ ಅಲೆಗೆ ಏಳೋ ಬೀಳೋ ಬೋಟಲ್ಲಿ ನಿಂತು ಗುರಿ ಇಡೋದು ಗಟ್ಟಿ ನೆಲದ ಮೇಲೆ ಮಲಗಿ ಗುರಿ ಇಟ್ಟ ಹಾಗಲ್ಲ, ಅದಕ್ಕೆ ಅಭ್ಯಾಸನೂ ಬೇರೆನೇ ಬೇಕು. ಹೊಸ ಸಾಮಾನಿಗೆ ಉದ್ಘಾಟನೆ ಇರ್ತದೆ, ಫೋಟೋ ಇರ್ತದೆ, ಅಭ್ಯಾಸಕ್ಕೆ ಅದ್ಯಾವುದೂ ಇಲ್ಲ. ಹಾಗಾಗಿ ಅದು ಯಾವಾಗ್ಲೂ ಹಿಂದೆ ಉಳೀತದೆ.

ಗುಂಡು ಅಭ್ಯಾಸ ಯಾಕೆ ಕಡಿಮೆ ಆಗ್ತದೆ

ಪೇಪರಲ್ಲಿ ಆಗಾಗ ಸಣ್ಣ ಪ್ರಕಟಣೆ ಬರ್ತದೆ ನೋಡಿ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಗುಡ್ಡದ ಹತ್ರ ಪೊಲೀಸ್ರ ಗುಂಡು ಅಭ್ಯಾಸ ಇದೆ, ಸಾರ್ವಜನಿಕರು ಆ ಕಡೆ ಸುಳೀಬಾರ್ದು, ದನಕರು ಬಿಡಬಾರ್ದು ಅಂತ. ಇಡೀ ಜಿಲ್ಲೆ ಪೊಲೀಸ್ರ ಬಂದೂಕಿನ ಕೌಶಲ ಹೆಚ್ಚುಕಮ್ಮಿ ಆ ನಾಲ್ಕಾರು ದಿನದ ಮೇಲೇ ನಿಂತಿದೆ. ಪಾಳಿ ಪ್ರಕಾರ ಬ್ಯಾಚು ಬರ್ತದೆ, ಇಂತಿಷ್ಟು ರೌಂಡ್, ಅಂದ್ರೆ ಗುಂಡು ಕೊಡ್ತಾರೆ, ಬಿಳೀ ಟಾರ್ಗೆಟ್ಟಿಗೆ ಹೊಡೀತಾರೆ, ಖಾಲಿ ಕೇಸ್ ಎಣಿಸಿ ವಾಪಸ್ ಕೊಡ್ತಾರೆ, ರಿಜಿಸ್ಟ್ರಲ್ಲಿ ಬರೀತಾರೆ, ಮುಗೀತು.

ಯಾಕೆ ಹೆಚ್ಚು ಮಾಡೋದಿಲ್ಲ ಅಂದ್ರೆ ಕಾರಣ ಒಂದಲ್ಲ. ಮೊದಲನೇದು ಜಾಗ. ರೈಫಲ್ ಗುಂಡು ತಡೆ ಇಲ್ದಿದ್ರೆ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗ್ತದೆ, ಹಾಗಾಗಿ ಹಿಂದೆ ಗುಡ್ಡ ಬೇಕು, ಸುತ್ತ ಮನೆ ಇರಬಾರ್ದು. ಉತ್ತರ ಕನ್ನಡದಲ್ಲಿ ಗುಡ್ಡಕ್ಕೇನೂ ಬರ ಇಲ್ಲ, ಆದ್ರೆ ಜಿಲ್ಲೆಯ ಬಹುಪಾಲು ಕಾಡು, ಅದು ಅರಣ್ಯ ಇಲಾಖೆದ್ದು, ಕಾಡಲ್ಲದ ಕಡೆ ಘಟ್ಟಕ್ಕೂ ಕಡಲಿಗೂ ನಡುವಿನ ಸಪೂರ ಪಟ್ಟಿಲಿ ಹೈವೇ, ರೈಲು, ಮನೆ, ಗದ್ದೆ. ಎರಡನೇದು ಮಳೆ. ಜೂನ್‌ನಿಂದ ಸೆಪ್ಟೆಂಬರ್ ನಮ್ಮಲ್ಲಿ ಬಯಲಲ್ಲಿ ಟಾರ್ಗೆಟ್ ಪೇಪರ್ ನಿಲ್ಲೋದೇ ಕಷ್ಟ. ಮೂರನೇದು ಬಂದೋಬಸ್ತ್, ನನ್ನ ಲೆಕ್ಕದಲ್ಲಿ ಇದೇ ದೊಡ್ಡದು. ಮಳೆ ಕಡಿಮೆ ಆಗ್ತಿದ್ದ ಹಾಗೇ ಗಣಪತಿ ಮೆರವಣಿಗೆ, ಹಬ್ಬ, ಗೋಕರ್ಣ ಮುರ್ಡೇಶ್ವರಕ್ಕೆ ಟೂರಿಸ್ಟು, ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆ ಜಾತ್ರೆ, ಅದ್ರ ಮಧ್ಯೆ ಎಲೆಕ್ಷನ್ನು, ವಿಐಪಿ ಬರೋದು. ಮಳೆಗಾಲದಲ್ಲಿ ಬಿಡುವು ಸಿಗ್ತದೆ ಅಂದ್ಕೊಂಡ್ರೆ ಗುಡ್ಡ ಜರೀತದೆ, 2024ರ ಜುಲೈ 16ರ ಶಿರೂರು ಕುಸಿತದ ನಂತ್ರ ವಾರಗಟ್ಲೆ ಪೊಲೀಸ್ರು ಅಲ್ಲೇ ಇದ್ರು. ತುರ್ತು ಕೆಲಸ ಯಾವಾಗ್ಲೂ ಮುಂದೆ ಬರ್ತದೆ, ಅಭ್ಯಾಸವನ್ನ ನಾಳೆ ಅಂತ ಮುಂದೂಡಿದ್ರೆ ಇವತ್ತಿಗೆ ಯಾರಿಗೂ ನಷ್ಟ ಕಾಣೋದಿಲ್ಲ.

ನಾಲ್ಕನೇದು ದುಡ್ಡು. ದೇಶದಲ್ಲಿ ರಾಜ್ಯಗಳ ಪೊಲೀಸ್ ಬಜೆಟ್ಟಲ್ಲಿ ತರಬೇತಿಗೆ ಹೋಗೋದು ಶೇ. 1ರ ಆಸುಪಾಸು ಮಾತ್ರ. ಗುಂಡು ಕಡಿಮೆ, ರೇಂಜು ಅಂದ್ರೆ ಗುಂಡು ಅಭ್ಯಾಸದ ಜಾಗ ಕಡಿಮೆ, ಅಭ್ಯಾಸ ಪೂರ್ತಿ ಆಗಿಲ್ಲ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡೋ ಸಿಎಜಿ ಒಂದಕ್ಕಿಂತ ಹೆಚ್ಚು ರಾಜ್ಯಗಳ ವರದಿಲಿ ಬರೆದದ್ದೂ ಇದೆ.

ಒಂದು ಮಿಲಿಮೀಟರ್ ಲೆಕ್ಕ

ಅಭ್ಯಾಸ ಇಲ್ದಿದ್ರೆ ಏನಾಗ್ತದೆ ಅನ್ನೋದನ್ನ ಒಂದು ಸಣ್ಣ ಲೆಕ್ಕದಲ್ಲಿ ನೋಡ್ಬಹುದು. ಪಿಸ್ತೂಲಿನ ಮೇಲೆ ಕಣ್ಣಿಟ್ಟು ಗುರಿ ನೋಡೋಕೆ ಹಿಂದೊಂದು ಮುಂದೊಂದು ಗುರಿಕಟ್ಟು ಇರ್ತದೆ, ಎರಡ್ರ ನಡುವೆ ಸುಮಾರು 16 ಸೆಂಟಿಮೀಟರ್. ಕೈ ನಡುಗಿ ಮುಂದಿನದು ಬರೀ ಒಂದು ಮಿಲಿಮೀಟರ್ ಆಚೆ ಸರಿದ್ರೆ, ಹತ್ತು ಮೀಟರ್ ದೂರದಲ್ಲಿ ಗುಂಡು ಬೀಳೋದು ಆರು ಸೆಂಟಿಮೀಟರ್ ಆಚೆ. ಮೊಣಕಾಲಿನ ಕೆಳಗಿನ ಕಾಲು ಹತ್ತು ಹನ್ನೆರಡು ಸೆಂಟಿಮೀಟರ್ ಅಗಲ, ಅದ್ರ ನಡುಮಧ್ಯಕ್ಕೆ ಗುರಿ ಇಟ್ಟಿದ್ರೂ ಗುಂಡು ಅಂಚು ಸವರ್ಕೊಂಡು ಹೋಗ್ಬಿಡ್ತದೆ. ಇಪ್ಪತ್ತು ಮೀಟರಿಗೆ ತಪ್ಪು ಹನ್ನೆರಡು ಸೆಂಟಿಮೀಟರ್ ದಾಟ್ತದೆ, ಕಾಲು ಪೂರ್ತಿ ತಪ್ಪಿತು. ರೈಫಲಲ್ಲಿ ಗುರಿಕಟ್ಟುಗಳ ನಡುವೆ ಮೂರು ಪಟ್ಟು ಅಂತರ ಇರೋದ್ರಿಂದ ಅದೇ ನಡುಕಕ್ಕೆ ತಪ್ಪು ಮೂರರಲ್ಲೊಂದು ಪಾಲು, ಅದಕ್ಕೇ ಪಿಸ್ತೂಲು ನೋಡೋಕೆ ಸಣ್ಣದಾದ್ರೂ ಹೊಡೆಯೋಕೆ ಕಷ್ಟದ್ದು.

ಇದು ನಿಂತ ಟಾರ್ಗೆಟ್ಟು, ಹಗಲು ಬೆಳಕು, ಉಸಿರು ಹಿಡಿದು ಹೊಡೆಯೋ ಲೆಕ್ಕ. ಎದುರಿಗಿರೋನು ಓಡ್ತಾ ಇದ್ದು, ಬೆಳಗಿನ ಜಾವದ ಮಬ್ಬು ಬೆಳಕಲ್ಲಿ, ಅಡಿಕೆ ತೋಟದ ಅಂಚಲ್ಲಿ ಕಾಲು ಜಾರೋ ಜಾಗದಲ್ಲಿ, ಸಹೋದ್ಯೋಗಿ ಕೈಗೆ ಚೂರಿ ಬಿದ್ದು ರಕ್ತ ಬರ್ತಾ ಇರುವಾಗ ಕೈ ಎಷ್ಟು ಮಿಲಿಮೀಟರ್ ನಡುಗ್ತದೆ ಅಂತ ಯೋಚನೆ ಮಾಡಿ. ಎದೆಬಡಿತ ಏರ್ತದೆ, ಬೆರಳಿನ ನಾಜೂಕು ಕೆಲಸ ಕೆಡ್ತದೆ, ಕಣ್ಣು ಚೂರಿಯೊಂದನ್ನೇ ನೋಡ್ತದೆ, ಅಕ್ಕಪಕ್ಕದ ಜನ ಕಾಣೋದಿಲ್ಲ.

ಅಮೆರಿಕದ ರ‍್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆ ನ್ಯೂಯಾರ್ಕ್ ಪೊಲೀಸ್ರ ಬಗ್ಗೆ 2008ರಲ್ಲಿ ಕೊಟ್ಟ ವರದಿ ಇಲ್ಲಿ ಕಣ್ತೆರೆಸೋ ಹಾಗಿದೆ. ಎರಡೂ ಕಡೆಯಿಂದ ಗುಂಡು ಹಾರ್ತಾ ಇದ್ದಾಗ ಆ ಪೊಲೀಸ್ರು ಹೊಡೆದ ನೂರು ಗುಂಡಲ್ಲಿ ಗುರಿ ತಾಗಿದ್ದು 18, ಎದುರಿನವ ವಾಪಸ್ ಗುಂಡು ಹಾರಿಸದೇ ಇದ್ದಾಗ್ಲೂ 30 ಮಾತ್ರ. ಅವ್ರಿಗೆ ವರ್ಷಕ್ಕೆ ಎರಡು ಸಲ ಗುಂಡಿನ ಪರೀಕ್ಷೆ ಇದೆ, ಎಲ್ರ ಸೊಂಟದಲ್ಲೂ ದಿನಾ ಪಿಸ್ತೂಲಿರ್ತದೆ. ತಾಗದೇ ಇದ್ದ ಬಾಕಿ ಗುಂಡುಗಳೆಲ್ಲ ಎಲ್ಲೋ ಒಂದ್ಕಡೆ ಹೋಗಿ ಬಿದ್ದಿರ್ಲೇಬೇಕು.

ಮೊದಲು ಗಾಳಿಲಿ, ಆಮೇಲೆ ಕಾಲಿಗೆ

ಈಗ ಸುದ್ದಿಯ ಆ ಸಾಲಿಗೆ ವಾಪಸ್ ಬರೋಣ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಡೆನ್ನಿಸ್ ಟ್ಯೂಲರ್ ಅನ್ನೋ ಪೊಲೀಸ್ ಅಧಿಕಾರಿ ಅಳೆದು ನೋಡಿದ್ರು, ಚೂರಿ ಹಿಡಿದವ 21 ಅಡಿ ದೂರವನ್ನ ಸುಮಾರು ಒಂದೂವರೆ ಸೆಕೆಂಡಲ್ಲಿ ದಾಟ್ತಾನೆ, ಸೊಂಟದಿಂದ ಪಿಸ್ತೂಲು ತೆಗೆದು ಗುರಿ ಇಟ್ಟು ಹೊಡೆಯೋಕೆ ಪಳಗಿದವನಿಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಅಂದ್ರೆ ನಿಜಕ್ಕೂ ಮೈಮೇಲೆ ಬೀಳೋ ದೂರದಲ್ಲಿ ಹಲ್ಲೆ ಆದ್ರೆ ಗಾಳಿಲಿ ಒಂದು, ಮಾತಲ್ಲಿ ಎಚ್ಚರಿಕೆ, ಆಮೇಲೆ ಕಾಲಿಗೆ ಒಂದು ಅನ್ನೋಷ್ಟು ಹೊತ್ತೇ ಇರೋದಿಲ್ಲ. ಅಷ್ಟು ಹೊತ್ತು ಇತ್ತು ಅಂದ್ರೆ ದೂರ ಇತ್ತು ಅಂತಾಯ್ತು, ದೂರ ಇದ್ರೆ ಹೊಡೆಯೋ ಅಗತ್ಯ ಎಷ್ಟಿತ್ತು ಅನ್ನೋ ಪ್ರಶ್ನೆ ಬರ್ತದೆ, ಮತ್ತೆ ದೂರ ಇದ್ದಷ್ಟೂ ಕಾಲಿಗೇ ತಾಗೋ ಸಾಧ್ಯತೆ ಕಡಿಮೆ ಆಗ್ತದೆ. ಇದನ್ನ ಕೇಳೋದು ಯಾವ ಅಧಿಕಾರಿ ಮೇಲೂ ಆರೋಪ ಹೊರಿಸೋಕಲ್ಲ, ಪ್ರತಿ ಪ್ರಕರಣಕ್ಕೂ ಅದ್ರದ್ದೇ ಸನ್ನಿವೇಶ ಇರ್ತದೆ, ಅದನ್ನ ನೋಡ್ಲಿಕ್ಕೆ ತನಿಖೆ ಇದೆ.

ಗಾಳಿಲಿ ಹಾರಿಸೋದೂ ಅಂದ್ಕೊಂಡಷ್ಟು ಸುರಕ್ಷಿತ ಅಲ್ಲ. ಮೇಲೆ ಹೋದ ಗುಂಡು ಕೆಳಗೆ ಬರ್ಲೇಬೇಕು, ಓರೆಯಾಗಿ ಹೋದ್ರೆ ಜೀವ ತೆಗೆಯೋಷ್ಟು ವೇಗದಲ್ಲೇ ಬರ್ತದೆ. ಗುಂಪು ಚದುರಿಸುವಾಗ ಜನ್ರ ತಲೆ ಮೇಲಿಂದ ಹಾರಿಸಬಾರ್ದು, ಕೆಳಕ್ಕೆ ಗುರಿ ಇಡಬೇಕು ಅನ್ನೋದು ಪೊಲೀಸ್ರ ಹಳೇ ನಿಯಮಗಳಲ್ಲೇ ಇದ್ದ ಮಾತು.

ಇನ್ನು ಕಾಲಿಗೆ ಹೊಡೆಯೋದೇ ಸರಿಯಾ ಅನ್ನೋದ್ರಲ್ಲಿ ಜಗತ್ತೇ ಎರಡು ಪಾಲಾಗಿದೆ. ಅಮೆರಿಕ, ಬ್ರಿಟನ್ನಲ್ಲಿ ಗನ್ ತೆಗೀಬೇಕಾದ ಸ್ಥಿತಿ ಬಂದ್ರೆ ದೇಹದ ನಡುಭಾಗಕ್ಕೇ ಗುರಿ ಇಡು ಅಂತ ಕಲಿಸ್ತಾರೆ, ಕಾಲು ಸಪೂರ, ಓಡ್ತಾ ಇರ್ತದೆ, ತಪ್ಪಿದ ಗುಂಡು ಬೇರೆಯವ್ರಿಗೆ ತಾಗ್ತದೆ, ತಾಗಿದ್ರೂ ಚೂರಿ ಹಿಡಿದ ಕೈ ನಿಲ್ಲೋದಿಲ್ಲ ಅನ್ನೋದು ಅವ್ರ ವಾದ. ಜರ್ಮನಿ ಮತ್ತೆ ಉತ್ತರ ಯುರೋಪಿನ ಕೆಲವು ದೇಶಗಳಲ್ಲಿ ಸಾಧ್ಯ ಆದ್ರೆ ಕಾಲಿಗೆ ಅನ್ನೋದಕ್ಕೆ ಅವಕಾಶ ಇದೆ, ಆದ್ರೆ ಅಲ್ಲಿ ಪೊಲೀಸ್ ತರಬೇತಿ ಎರಡೂವರೆ ಮೂರು ವರ್ಷದ್ದು, ನಮ್ಮ ಕಾನ್‌ಸ್ಟೇಬಲ್ ಮೂಲ ತರಬೇತಿ ಒಂದು ವರ್ಷನೂ ಇಲ್ಲ. ಕಾಲಿಗೆ ಹೊಡಿ ಅನ್ನೋದು ಕರುಣೆಯ ಮಾತು, ಆದ್ರೆ ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಬೇಡೋದೂ ಅದೇ, ನಾವು ಅತಿ ಕಡಿಮೆ ಅಭ್ಯಾಸ ಇರೋರಿಂದ ಅದನ್ನ ನಿರೀಕ್ಷೆ ಮಾಡ್ತಾ ಇದ್ದೇವೆ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಲಿ ಐದು ವರ್ಷದ ಮಗು ಕೊಲೆಯಾದಾಗ ಆರೋಪಿ ಪೊಲೀಸ್ ಗುಂಡಿಗೆ ಸತ್ತ. ಪೊಲೀಸ್ರು ಹೇಳಿದ ಪ್ರಕಾರ ಮೊದಲು ಗಾಳಿಲಿ ಹಾರಿಸಿದ್ರು, ಆಮೇಲೆ ಹೊಡೆದದ್ದು ಒಂದು ಕಾಲಿಗೆ ಒಂದು ಬೆನ್ನಿಗೆ ತಾಗ್ತು. ಆ ಮಗುವಿಗಾಗಿ ಜನ್ರ ಸಿಟ್ಟು ಎಷ್ಟಿತ್ತು ಅಂದ್ರೆ ಬೀದಿಲಿ ಸಂಭ್ರಮ ಮಾಡಿದ್ರು, ಆ ಸಿಟ್ಟು ಅರ್ಥ ಆಗ್ತದೆ. ಆದ್ರೆ ಆರೋಪ ಕೋರ್ಟಲ್ಲಿ ಸಾಬೀತಾಗೋ ಅವಕಾಶನೂ ಅವನ ಜೊತೆಗೇ ಹೋಯ್ತು.

ಕಾಲಿಗೆ ತಾಗಿದ್ರೆ ಜೀವಕ್ಕೇನೂ ಆಗೋದಿಲ್ವಾ

ತೊಡೆ ಒಳಗೆ ದೇಹದ ದೊಡ್ಡ ರಕ್ತನಾಳಗಳಲ್ಲಿ ಒಂದು ಹಾದು ಹೋಗ್ತದೆ. ಅದು ಹರಿದ್ರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗ್ತದೆ. ಬೆಂಗಳೂರಲ್ಲಾದ್ರೆ ಹತ್ತು ನಿಮಿಷದಲ್ಲಿ ದೊಡ್ಡ ಆಸ್ಪತ್ರೆ ಸಿಕ್ಕೀತು. ಉತ್ತರ ಕನ್ನಡದಲ್ಲಿ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎಷ್ಟು ವರ್ಷದಿಂದ ಕೂಗ್ತಾ ಇದ್ದಾರೆ ಅನ್ನೋದು ಇಲ್ಲಿ ಓದ್ತಾ ಇರೋ ಯಾರಿಗೂ ಹೇಳ್ಬೇಕಾಗಿಲ್ಲ. ಕಾರವಾರದಲ್ಲಿ ಮೆಡಿಕಲ್ ಕಾಲೇಜಿದೆ, ಆದ್ರೂ ಗಂಭೀರ ಕೇಸ್ ಅಂದ್ರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾಂದ್ರೆ ಗೋವಾ. ಯಲ್ಲಾಪುರ ಸಿದ್ದಾಪುರದ ಒಳಗಿನ ಯಾವುದೋ ಹಳ್ಳಿಲಿ ತೊಡೆಗೆ ಗುಂಡು ತಾಗಿದ್ರೆ ಅದು ಕಾಲಿಗೆ ತಾಗಿದ ಗುಂಡು ಅಂತ ಸಮಾಧಾನ ಪಡೋ ಹಾಗಿಲ್ಲ. ಇದೇ ಮಾತು ಪೊಲೀಸ್ರಿಗೂ ಅನ್ವಯ ಆಗ್ತದೆ, ಚೂರಿ ಬಿದ್ದದ್ದು ಅವ್ರ ತೊಡೆಗಾದ್ರೂ ದಾರಿ ಅಷ್ಟೇ ದೂರ. ಹಾಗಾಗಿ ಗುಂಡಿನ ತರಬೇತಿ ಜೊತೆಗೇ ರಕ್ತ ನಿಲ್ಲಿಸೋಕೆ ತೊಡೆ ಬಿಗಿದು ಕಟ್ಟೋ ತರಬೇತಿನೂ ಇರ್ಬೇಕು, ಜೀಪಲ್ಲಿ ಆ ಪಟ್ಟಿನೂ ಇರ್ಬೇಕು.

ಅದು ಮಿಸ್‌ಫೈರ್ ಅಲ್ಲ

ಬಂದೂಕು ತಾನಾಗೇ ಸಿಡೀತು ಅನ್ನೋ ಸುದ್ದಿಗೆ ನಮ್ಮ ಪತ್ರಿಕೆಗಳು ಮಿಸ್‌ಫೈರ್ ಅಂತ ಬರೀತವೆ. ನಿಜವಾದ ಅರ್ಥ ಉಲ್ಟಾ, ಟ್ರಿಗರ್ ಎಳೆದ್ರೂ ಗುಂಡು ಹಾರ್ದೇ ಇದ್ರೆ ಅದು ಮಿಸ್‌ಫೈರ್. ಹಾರಬಾರ್ದ ಹೊತ್ತಲ್ಲಿ ಹಾರಿದ್ರೆ ಅದು ಹೆಚ್ಚಿನ ಸಲ ಕೈತಪ್ಪು. ಇದು ಬರೀ ಶಬ್ದದ ತಕರಾರಲ್ಲ, ಮಿಸ್‌ಫೈರ್ ಅಂದಾಗ ತಪ್ಪು ಬಂದೂಕಿನದ್ದು ಅಂತಾಗಿ ಫೈಲು ಮುಚ್ಚಿ ಹೋಗ್ತದೆ.

ಕೈತಪ್ಪು ಹೇಗಾಗ್ತದೆ ಅಂದ್ರೆ, ಪಿಸ್ತೂಲು ಖಾಲಿ ಮಾಡುವಾಗ ಮೊದಲು ಗುಂಡು ತುಂಬಿರೋ ಮ್ಯಾಗಜಿನ್ ಕೆಳಗೆ ತೆಗೀಬೇಕು, ಆಮೇಲೆ ಮೇಲಿನ ಸ್ಲೈಡ್ ಎಳೆದು ಒಳಗೆ ಕೂತಿರೋ ಒಂದು ಗುಂಡನ್ನ ಹೊರಗೆ ಹಾಕ್ಬೇಕು, ಆಮೇಲೆ ಬೆರಳು ಹಾಕಿ ನೋಡ್ಬೇಕು. ಇದನ್ನ ಹಿಂದುಮುಂದು ಮಾಡಿ ಮೊದಲು ಸ್ಲೈಡ್ ಎಳೆದ್ರೆ ಒಳಗಿದ್ದ ಗುಂಡು ಹೊರಗೆ ಬೀಳ್ತದೆ, ಕಣ್ಣಿಗೂ ಕಾಣ್ತದೆ, ಆದ್ರೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಸದ್ದಿಲ್ದೆ ಮೇಲೆ ಹೋಗಿ ಕೂತಿರ್ತದೆ. ಆಮೇಲೆ ಮ್ಯಾಗಜಿನ್ ತೆಗೆದ್ರೆ ಈಗ ಪೂರ್ತಿ ಖಾಲಿ ಅಂತ ಅನ್ನಿಸ್ತದೆ. ಎಣ್ಣೆ ಬಟ್ಟೆ ಹಿಡಿದು ಒರೆಸ್ತಾ ಟ್ರಿಗರ್ ಎಳೀತಾರೆ. ಇಡೀ ಅನಾಹುತ ಎರಡು ಹೆಜ್ಜೆ ಅದಲುಬದಲಾದದ್ರಲ್ಲಿದೆ, ವರ್ಷಕ್ಕೊಮ್ಮೆ ಆಯುಧ ಮುಟ್ಟೋ ಕೈಗೆ ಆ ಕ್ರಮ ರೂಢಿ ಆಗಿರೋದಿಲ್ಲ. ಮತ್ತೆ ನಮ್ಮ ಕರಾವಳಿಲಿ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯೋದ್ರಿಂದ ಒರೆಸೋದು, ಎಣ್ಣೆ ಹಾಕೋದು ಬಯಲುಸೀಮೆಗಿಂತ ಹೆಚ್ಚು ಸಲ ಮಾಡ್ಬೇಕು, ಅಂದ್ರೆ ಈ ತಪ್ಪಿಗೆ ಅವಕಾಶನೂ ಹೆಚ್ಚು.

ಶಿರಸಿ ಸಿದ್ದಾಪುರ ಕಡೆ ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇರೋ ಕೃಷಿಕರಿಗೆ ಇದು ಹೊಸ್ತಲ್ಲ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಲೈಸೆನ್ಸ್ ಬೇಕಂದ್ರೆ ಸುರಕ್ಷತಾ ತರಬೇತಿ ಇರ್ಬೇಕು ಅಂತ ಇದೆ, ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸೋದು ಪೊಲೀಸ್ ಇಲಾಖೆಯವ್ರೇ. ಮಂಗನ್ನ ಹೆದರಿಸೋ ಕೋವಿಗೇ ಇಷ್ಟು ಬೇಕಾದ್ರೆ ಜನ್ರ ನಡುವೆ ಓಡಾಡೋ ಪಿಸ್ತೂಲಿಗೆ ಎಷ್ಟು ಬೇಕು.

ಕಾನೂನು ಏನ್ ಹೇಳ್ತದೆ

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಪ್ರಕಾರ ಬಂಧಿಸುವಾಗ ತಡೆದ್ರೆ ಅಗತ್ಯ ಇದ್ದಷ್ಟು ಬಲ ಬಳಸ್ಬಹುದು, ಆದ್ರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರೋ ಅಪರಾಧದ ಆರೋಪಿ ಅಲ್ದಿದ್ರೆ ಅವನ ಸಾವಿಗೆ ಕಾರಣ ಆಗೋ ಹಕ್ಕು ಅದ್ರಿಂದ ಸಿಗೋದಿಲ್ಲ. ಇದು ಬಿಟ್ರೆ ಪೊಲೀಸ್ರಿಗೂ ಉಳಿದ ಎಲ್ಲರ ಹಾಗೇ ಆತ್ಮರಕ್ಷಣೆಯ ಹಕ್ಕಿದೆ. ಓಡಿದ ಅನ್ನೋದೊಂದೇ ಕಾರಣ ಸಾಕಾಗೋದಿಲ್ಲ, ಜೀವಕ್ಕೆ ಅಪಾಯ ಇತ್ತು ಅಂತ ತೋರಿಸ್ಬೇಕು. ಪೊಲೀಸ್ರು ಬಲ, ಬಂದೂಕು ಬಳಸೋದ್ರ ಬಗ್ಗೆ 1990ರ ವಿಶ್ವಸಂಸ್ಥೆಯ ಮೂಲತತ್ವಗಳಲ್ಲೂ ಇದೇ ಇದೆ, ಜೊತೆಗೆ ಆಯುಧ ಕೊಡೋ ಮೊದಲು ತರಬೇತಿ ಆಗಿರ್ಬೇಕು, ಆಗಾಗ ಪರೀಕ್ಷೆ ಆಗ್ತಾ ಇರ್ಬೇಕು ಅಂತಲೂ ಇದೆ.

2014ರ ಸೆಪ್ಟೆಂಬರಲ್ಲಿ ಪಿಯುಸಿಎಲ್ ಅನ್ನೋ ಮಾನವ ಹಕ್ಕು ಸಂಘಟನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಎನ್‌ಕೌಂಟರ್ ಬಗ್ಗೆ 16 ಸೂಚನೆ ಕೊಡ್ತು. ಸಾವಾದ್ರೆ ಎಫ್‌ಐಆರ್ ಆಗ್ಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡ್ಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗ್ಬೇಕು, ಹೊಡೆದ ಆಯುಧವನ್ನ ಪರೀಕ್ಷೆಗೆ ಒಪ್ಪಿಸ್ಬೇಕು, ತಕ್ಷಣಕ್ಕೆ ಪ್ರಮೋಷನ್ನು ಶೌರ್ಯ ಪದಕ ಕೊಡಬಾರ್ದು. ಗಂಭೀರ ಗಾಯದ ಪ್ರಕರಣಕ್ಕೂ ಸಾಧ್ಯ ಆದಷ್ಟು ಇದೇ ಅನ್ವಯ ಅಂತಲೂ ಹೇಳಿದೆ, ಕಾಲಿಗೆ ಗುಂಡು ಅನ್ನೋ ಸುದ್ದಿ ಓದುವಾಗ ನೆನಪಲ್ಲಿ ಇಟ್ಕೊಳ್ಬೇಕಾದ ಸಾಲು ಇದು.

ಯಾರ್ಯಾರ ವಾದ ಏನು

ಪೊಲೀಸ್ ಅಧಿಕಾರಿಗಳ ಕಡೆಯವ್ರು ಹೇಳೋದು, ಕೂತಲ್ಲೇ ಲೆಕ್ಕ ಹಾಕೋದು ಸುಲಭ, ಚೂರಿ ಎದುರು ನಿಂತವನಿಗೆ ಇರೋದು ಒಂದು ಸೆಕೆಂಡು, ಕಾಲಿಗೆ ಹೊಡೆದು ಜೀವ ಉಳಿಸಿದ್ರೂ ಬೈತೀರಿ, ಹೊಡೀದೇ ಆರೋಪಿ ತಪ್ಪಿಸ್ಕೊಂಡ್ರೂ ಬೈತೀರಿ. ಇದ್ರಲ್ಲಿ ಸತ್ಯ ಇದೆ. ಮಾನವ ಹಕ್ಕುಗಳ ಕಡೆಯವ್ರು ಹೇಳೋದು, ಬೇರೆ ಬೇರೆ ಊರಲ್ಲಿ ಒಂದೇ ಥರದ ಕಥೆ ಬಂದ್ರೆ ಅದು ಕಾಕತಾಳೀಯ ಅಂತ ನಂಬೋದು ಹೇಗೆ, ಇದು ವಿಚಾರಣೆ ಇಲ್ದೆ ಕೊಡೋ ಶಿಕ್ಷೆ ಆಗ್ತಾ ಇದೆ. ಇದನ್ನೂ ತಳ್ಳಿ ಹಾಕೋಕಾಗೋದಿಲ್ಲ. ಇವ್ರಿಬ್ರ ಜಗಳದಲ್ಲಿ ಮೂರನೆಯವ್ರು ಕಾಣೋದೇ ಇಲ್ಲ, ಕೆಳಹಂತದ ಸಿಬ್ಬಂದಿ. ಅವ್ರಿಗೆ ಸಿಕ್ಕ ರೌಂಡ್ ಕಡಿಮೆ, ಬಂದೋಬಸ್ತಿನ ರಾತ್ರಿ ಜಾಸ್ತಿ, ಒಂದು ಗುಂಡು ಹೆಚ್ಚುಕಮ್ಮಿ ಆದ್ರೆ ನೋಟಿಸು ಬರೋದು ಅವ್ರಿಗೆ. ಹಾಗಾಗಿ ಆಯುಧ ಮುಟ್ಟದೇ ಇರೋದೇ ಕ್ಷೇಮ ಅಂತ ಅನ್ನಿಸಿಬಿಡ್ತದೆ, ಮುಟ್ಟದೇ ಇದ್ದಷ್ಟೂ ಕೈ ಕೆಡ್ತದೆ, ಕೈ ಕೆಟ್ಟಷ್ಟೂ ಭಯ ಹೆಚ್ತದೆ.

ಮೊದಲ ಇಬ್ರ ವಾದದಲ್ಲಿ ಯಾರದ್ದು ಸರಿ ಅಂದ್ರೂ ತರಬೇತಿ ಬೇಕೇ ಬೇಕು. ಪೊಲೀಸ್ರ ಮಾತು ನಿಜ ಆದ್ರೆ ಆ ಒಂದು ಸೆಕೆಂಡಿಗೆ ತಯಾರಿ ಬೇಕು. ಹಕ್ಕುಗಳ ಕಡೆಯವ್ರ ಮಾತು ನಿಜ ಆದ್ರೆ ಯಾವಾಗ ಹೊಡೀಬಾರ್ದು ಅನ್ನೋದನ್ನ ಕೈಗೂ ಮನಸ್ಸಿಗೂ ಕಲಿಸ್ಬೇಕು.

ಏನು ಮಾಡ್ಬಹುದು, ಏನು ಕೇಳ್ಬಹುದು

ಎಲ್ಲದಕ್ಕೂ ಕೋಟಿ ಬೇಕಾಗಿಲ್ಲ. ಖಾಲಿ ಆಯುಧದಲ್ಲಿ, ಡಮ್ಮಿ ಗುಂಡಲ್ಲಿ ದಿನಾ ಹತ್ತು ನಿಮಿಷ ಹಿಡಿತ, ಟ್ರಿಗರ್, ಖಾಲಿ ಮಾಡೋ ಕ್ರಮ ರೂಢಿ ಮಾಡ್ಬಹುದು, ಅದಕ್ಕೆ ರೇಂಜೂ ಬೇಡ ಮದ್ದೂ ಬೇಡ, ಮಳೆಗಾಲದಲ್ಲಿ ಠಾಣೆ ಒಳಗೇ ಆಗ್ತದೆ. ಪರದೆ ಮೇಲೆ ಸನ್ನಿವೇಶ ತೋರಿಸಿ ಈಗ ಹೊಡೀತೀಯಾ ಇಲ್ವಾ ಅಂತ ಕೇಳೋ ಸಿಮ್ಯುಲೇಟರ್ ಜಿಲ್ಲೆಗೊಂದು ಇದ್ರೆ ಮಳೆಗಾಲದ ನಾಲ್ಕು ತಿಂಗಳು ವ್ಯರ್ಥ ಆಗೋದಿಲ್ಲ. ಮಹಜರಿಗೆ ಹೋಗುವಾಗ ಎಷ್ಟು ಜನ ಹೋಗ್ಬೇಕು, ಆರೋಪಿ ಕೈಗೆ ಚೂರಿ ಕಲ್ಲು ಸಿಗದ ಹಾಗೆ ಯಾರು ನೋಡ್ಕೊಳ್ಬೇಕು, ಬಾಡಿ ಕ್ಯಾಮೆರಾ ಆನ್ ಇದ್ಯಾ, ಇದೆಲ್ಲ ಗುಂಡಿನ ತರಬೇತಿಯ ಭಾಗವೇ, ಯಾಕಂದ್ರೆ ಇದು ಸರಿ ಇದ್ರೆ ಪಿಸ್ತೂಲು ಹೊರಗೆ ಬರೋ ಸಂದರ್ಭನೇ ಬಹಳಷ್ಟು ಕಡಿಮೆ ಆಗ್ತದೆ.

ಸುಪ್ರೀಂ ಕೋರ್ಟಿನ 16 ಸೂಚನೆಲಿ ಆಯುಧ ಒಪ್ಪಿಸಿ ಅಂತ ಇದೆ, ಆದ್ರೆ ಹೊಡೆದವ್ರ ತರಬೇತಿ ದಾಖಲೆ ಒಪ್ಪಿಸಿ ಅಂತ ಇಲ್ಲ. ಆ ಅಧಿಕಾರಿ ಕೊನೆಯ ಸಲ ಅಭ್ಯಾಸ ಮಾಡಿದ್ದು ಯಾವಾಗ, ಯಾವ ಆಯುಧದಲ್ಲಿ, ಎಷ್ಟು ರೌಂಡ್, ಎಷ್ಟು ತಾಗಿತ್ತು, ಇದೆಲ್ಲ ರೇಂಜಿನ ರಿಜಿಸ್ಟ್ರಲ್ಲಿ ಈಗಾಗ್ಲೇ ಬರೆದಿರ್ತದೆ, ತನಿಖೆ ಫೈಲಿಗೆ ಒಂದು ಜೆರಾಕ್ಸ್ ಸೇರಿಸಿದ್ರೆ ಆಯ್ತು. ಯಾರ ಹೆಸರೂ ಬೇಡ, ಇಡೀ ಜಿಲ್ಲೆಯಲ್ಲಿ ಕಳೆದ ವರ್ಷ ಎಷ್ಟು ಜನ ಗುಂಡು ಅಭ್ಯಾಸ ಮಾಡಿದ್ರು, ತಲಾ ಎಷ್ಟು ರೌಂಡ್ ಸಿಕ್ತು, ಎಷ್ಟು ಜನ ಬಂದೋಬಸ್ತಿನ ಕಾರಣಕ್ಕೆ ಬಿಟ್ಟುಹೋದ್ರು ಅನ್ನೋ ಮೂರು ಅಂಕಿಯನ್ನ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಯಾರು ಬೇಕಾದ್ರೂ ಕೇಳ್ಬಹುದು.